ಎಷ್ಟು ಹಾಕಿದರೂ ಮೈಗೆ ಹತ್ತುತ್ತಿಲ್ಲ

ಪ್ರಶ್ನೆ: ನಾನು ಹರಪನಹಳ್ಳಿ ತಾಲ್ಲೂಕಿನ ನೀಲಗುಂದದವಳು. ಮನೆಯಲ್ಲಿ ಹೊಲ ಇದೆ, ಒಂದಿಷ್ಟು ಕುರಿ ಇವೆ. ನಮ್ಮ ಮಾವನವರು ಮರಿಯಿದ್ದಾಗ ತಂದು ಸಾಕಿದ ನಾಯಿ ಒಂದಿದೆ. ಮುಧೋಳದ ಬೆರಕೆ, ನಾಲ್ಕು ವರ್ಷದ್ದು. ಮಾವನವರು ಹೋದ ವರ್ಷ ತೀರಿಕೊಂಡರು. ಕೊನೆಕೊನೆಗೆ ಅವರು ಊಟ ಬಿಟ್ಟಿದ್ದರು, ನಾನು ಏನು ಮಾಡಿಕೊಟ್ಟರೂ ಒಂದು ತುತ್ತಿಗೆ ಸಾಕು ಅನ್ನುತ್ತಿದ್ದರು. ಈಗ ನಾಯಿಯೂ ಮೂರು ತಿಂಗಳಿಂದ ಸೊರಗುತ್ತಿದೆ. ಹಾಲು ರೊಟ್ಟಿ ಕೊಟ್ಟೆ, ತುಪ್ಪದನ್ನ ಕೊಟ್ಟೆ, ಮೊಟ್ಟೆ, ಕೋಳಿ, ಪೇಟೆಯ ಪ್ಯಾಕೆಟ್ಟಿನ ಆಹಾರ ಎಲ್ಲ ಆಯಿತು. ಎರಡು ದಿನ ಗಬಗಬ ತಿನ್ನುತ್ತದೆ, ಮೂರನೇ ದಿನ ಭೇದಿ. ಕುರಿ ತೂಗುವ ತಕ್ಕಡಿಯಲ್ಲಿ ತೂಗಿದೆವು, 15 ಕೆ.ಜಿ. ಇದೆ. ಓಣಿಯವರು ‘ಏನವ್ವಾ, ನಾಯಿಗೆ ಕೂಳು ಹಾಕಂಗಿಲ್ಲೇನು?’ ಅಂತಾರೆ. ಸಂಜೆ ಅದನ್ನು ಭೀಮೇಶ್ವರ ಗುಡಿ ಕಡೆ ಕರೆದುಕೊಂಡು ಹೋಗುವುದನ್ನೇ ಬಿಟ್ಟುಬಿಟ್ಟೆ. ನಮ್ಮ ಮನೆಯವರು ‘ಒಂದು ನಾಯಿಗೆ ಇಷ್ಟ್ಯಾಕೆ’ ಅಂತಾರೆ. ರಾತ್ರಿ ಎದ್ದು ಎದ್ದು ಹೋಗಿ ಅದರ ಪಕ್ಕೆ ಮುಟ್ಟಿ ನೋಡುತ್ತೇನೆ. ಮಾವ ನಂಬಿ ಬಿಟ್ಟುಹೋದ ಜೀವವನ್ನು ಕೈಯಾರೆ ಕೊಲ್ಲುತ್ತಿದ್ದೇನೆ ಅನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ನಾಯಿಯ ಬಗ್ಗೆ ಬಹಳ ಸಾಲುಗಳಿವೆ, ಮಾವನವರ ಬಗ್ಗೆ ಎರಡೋ ಮೂರೋ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೂರನೇ ಸಾಲು, ‘ಏನು ಮಾಡಿಕೊಟ್ಟರೂ ಒಂದು ತುತ್ತಿಗೆ ಸಾಕು ಅನ್ನುತ್ತಿದ್ದರು’ ಎಂಬುದು. ಉಣ್ಣಲಾರದವರ ಮುಂದೆ ತಟ್ಟೆ ಹಿಡಿದು ಕೂತವರ ಸಂಕಟ ಎಂಥದ್ದು ಅಂತ ಕೂತವರಿಗೇ ಗೊತ್ತು. ಬಿಸಿ ಮಾಡಿ ತರುತ್ತೀರಿ, ತಣ್ಣಗಾಗುತ್ತದೆ, ಇನ್ನೊಂದು ಮಾಡಿ ತರುತ್ತೀರಿ. ಕೊನೆಗೆ ಅವರು ಹೋದ ಮೇಲೂ ಕೈ ಮಾತ್ರ ಸುಮ್ಮನಿರುವುದಿಲ್ಲ. ಅದೇ ಮನೆಯಲ್ಲಿ, ಅವರೇ ಸಾಕಿದ ಜೀವವೊಂದು ಸೊರಗತೊಡಗಿದರೆ ನಿಮಗೆ ನಿದ್ದೆ ಬಾರದಿರುವುದರಲ್ಲಿ ಅತಿಯಾದದ್ದು ಏನೂ ಇಲ್ಲ. ‘ಒಂದು ನಾಯಿಗೆ ಇಷ್ಟ್ಯಾಕೆ’ ಎಂದು ಕೇಳುವವರಿಗೆ ಅದು ಬರೀ ನಾಯಿ. ನಿಮಗೆ ಹಾಗಲ್ಲ, ಅಷ್ಟೇ.

ಓಣಿಯವರ ಮಾತು ಚುಚ್ಚಿದ್ದು ಕೂಡ ಸಹಜ. ನಮ್ಮಲ್ಲಿ ಹೆಣ್ಣುಮಗಳಿಗೆ ‘ನೀನು ಉಣ್ಣಲಿಕ್ಕೆ ಇಡುವುದಿಲ್ಲ’ ಅನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅದನ್ನು ಅವರು ತಮಾಷೆಗೆ ಅಂದಿರಬಹುದು, ನೀವು ಅದನ್ನು ಮನೆಗೆ ಹೊತ್ತುಕೊಂಡು ಬಂದಿದ್ದೀರಿ. ಪಶುವೈದ್ಯರ ಬಾಗಿಲಲ್ಲಿ ನಿಂತು ‘ಡಾಕ್ಟ್ರೇ, ಎಷ್ಟು ಹಾಕಿದರೂ ಮೈಗೆ ಹತ್ತುತ್ತಿಲ್ಲ’ ಅನ್ನುವವರು ಬಹಳ ಜನ. ಅವರಲ್ಲಿ ಉಪವಾಸ ಕೆಡವಿದವರು ಇರುವುದಿಲ್ಲ, ಹಾಕಿ ಹಾಕಿ ಸುಸ್ತಾದವರೇ ಇರುತ್ತಾರೆ. ಈ ಅಂಕಣ ಓದುತ್ತಿರುವ ಇನ್ನೂ ಕೆಲವರ ಮನೆಯಂಗಳದಲ್ಲಿ ಇಂಥದೇ ನಾಯಿ ಮಲಗಿರುತ್ತದೆ.

ಈಗ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ನಾಯಿಗೆ ಊಟ ಕಡಿಮೆಯಾಗಿಲ್ಲ, ಬಗೆ ಹೆಚ್ಚಾಗಿದೆ. ಮೂರು ತಿಂಗಳಲ್ಲಿ ಹಾಲು, ತುಪ್ಪ, ಮೊಟ್ಟೆ, ಕೋಳಿ, ಪ್ಯಾಕೆಟ್ಟು. ಒಂದಕ್ಕೆ ಹೊಟ್ಟೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು. ನಾಯಿಯ ಕರುಳಲ್ಲಿರುವ ಸೂಕ್ಷ್ಮಜೀವಿಗಳಿಗೆ ಹೊಸ ಆಹಾರಕ್ಕೆ ಒಗ್ಗಿಕೊಳ್ಳಲು ವಾರವಾದರೂ ಬೇಕು. ಎರಡೇ ದಿನಕ್ಕೆ ಬದಲಿಸಿದರೆ ಭೇದಿಯಾಗುತ್ತದೆ. ಭೇದಿಯಾಯಿತು ಅಂತ ನೀವು ಹೆದರಿ ಮತ್ತೆ ಬದಲಿಸುತ್ತೀರಿ. ಕರುಳು ಕೆರಳಿದ್ದಾಗ ತಿಂದದ್ದರಲ್ಲಿ ಮೈಗೆ ಸೇರುವುದು ಸ್ವಲ್ಪ, ಹೊರಗೆ ಹೋಗುವುದೇ ಹೆಚ್ಚು. ಹಾಗಾಗಿ ಬಟ್ಟಲು ದೊಡ್ಡದಾದಷ್ಟೂ ನಾಯಿ ಸಣ್ಣಗಾಗುತ್ತಿದೆ. ಇದರಲ್ಲಿ ನಿಮ್ಮ ಅಕ್ಕರೆಯ ತಪ್ಪೇನೂ ಇಲ್ಲ. ಆದರೆ ಬಟ್ಟಲಲ್ಲಿ ಏನಿರಬೇಕು ಅನ್ನುವುದನ್ನು ಇಷ್ಟು ದಿನ ನಿಮ್ಮ ಭಯ ತೀರ್ಮಾನಿಸುತ್ತಿತ್ತು. ಇನ್ನು ಮುಂದೆ ಅದರ ಹೊಟ್ಟೆ ತೀರ್ಮಾನಿಸಲಿ.

ಇನ್ನೊಂದು ಸಂಗತಿ. ಮುಧೋಳದ ರಕ್ತ ಇದ್ದರೆ ಆ ನಾಯಿ ದಪ್ಪಗಾಗುವ ಜಾತಿಯದೇ ಅಲ್ಲ. ಅದು ಓಡಿ ಬೇಟೆಯಾಡುವ ತಳಿ. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ. 2005ರಲ್ಲಿ ಅಂಚೆ ಇಲಾಖೆ ಅದರ ಹೆಸರಲ್ಲಿ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವೂ ಇದೆ. ಚೆನ್ನಾಗಿ ಉಂಡು ಆರೋಗ್ಯವಾಗಿರುವ ಮುಧೋಳಕ್ಕೂ ಕೊನೆಯ ಒಂದೆರಡು ಪಕ್ಕೆಲುಬು ಕಾಣಿಸುತ್ತವೆ. ಓಣಿಯವರ ಕಣ್ಣಿಗೆ ಅದೂ ಬಡಕಲೇ. ಅಂದಮಾತ್ರಕ್ಕೆ ನಿಮ್ಮ ಆತಂಕ ಸುಳ್ಳು ಅನ್ನುತ್ತಿಲ್ಲ. ಮೂರು ತಿಂಗಳಿಂದ ಇಳಿಯುತ್ತಿರುವುದು, ಪದೇ ಪದೇ ಭೇದಿಯಾಗುವುದು ಎರಡೂ ನಿಜವಾದ ಲಕ್ಷಣಗಳೇ.

ಎಷ್ಟು ಇಳಿದಿದೆ ಎಂದು ಕೈಯಿಂದಲೇ ತಿಳಿಯಬಹುದು. ನಿಮ್ಮ ಎಡಗೈಯನ್ನು ಅಂಗೈ ಕೆಳಗಾಗಿ ಚಾಚಿ, ಬಲಗೈ ಬೆರಳಿಂದ ಆ ಕೈಯ ಹಿಂಭಾಗವನ್ನು ಸವರಿ ನೋಡಿ. ಎಲುಬು ಸಿಗುತ್ತದೆ, ಮೇಲೆ ತೆಳುವಾಗಿ ಮಾಂಸವೂ ಇದೆ. ನಾಯಿಯ ಪಕ್ಕೆ ಹೀಗೆ ಸಿಕ್ಕರೆ ಸರಿಯಾಗಿದೆ. ಈಗ ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಸವರಿ. ಪಕ್ಕೆ ಹಾಗೆ ಚುಚ್ಚುತ್ತಿದ್ದರೆ, ಜೊತೆಗೆ ಬೆನ್ನುಮೂಳೆಯೂ ಸೊಂಟದ ಎಲುಬೂ ದೂರದಿಂದಲೇ ಎದ್ದು ಕಾಣುತ್ತಿದ್ದರೆ ತೂಕ ಕಡಿಮೆಯಾಗಿದೆ ಎಂದರ್ಥ. ಇದನ್ನು ಹಗಲಲ್ಲಿ, ವಾರಕ್ಕೆ ಒಂದು ಸಲ ಮಾಡಿ ಸಾಕು. ರಾತ್ರಿ ಎದ್ದು ಮುಟ್ಟಿ ನೋಡುವುದನ್ನು ಬಿಡಿ. ಕತ್ತಲಲ್ಲಿ ಕೈಗೆ ಸಿಗುವ ಪಕ್ಕೆಲುಬು ಯಾವಾಗಲೂ ಒಂದು ಹೆಚ್ಚೇ ಇರುತ್ತದೆ.

ಅಡುಗೆಗಿಂತ ಮೊದಲು ಆಸ್ಪತ್ರೆ. ನಾನು ಪಶುವೈದ್ಯೆ ಅಲ್ಲ, ಆ ಮಾತು ಸ್ಪಷ್ಟವಿರಲಿ. ಹಸಿವಿದ್ದೂ ಮೂರು ತಿಂಗಳು ತೂಕ ಇಳಿಯುತ್ತಿದೆ ಅಂದರೆ ಒಳಗೆ ಏನೋ ತಿನ್ನುತ್ತಿದೆ, ಇಲ್ಲವೇ ತಿಂದದ್ದು ಜೀರ್ಣವಾಗುತ್ತಿಲ್ಲ. ಕುರಿಮನೆಯ ನಾಯಿಯಲ್ಲಿ ಮೊದಲ ಅನುಮಾನ ಹೊಟ್ಟೆಹುಳದ ಮೇಲೆ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆಗ ಒಸಡು ಬಿಳಿಚಿಕೊಳ್ಳುತ್ತದೆ. ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರಾವಲಂಬಿಯಿಂದ ಭೇದಿ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಅದಕ್ಕೆ ಮಾಮೂಲಿ ಹುಳದ ಮಾತ್ರೆ ಒಂದು ಡೋಸ್ ಕೊಟ್ಟರೆ ಸಾಲದಿರಬಹುದು. ಉಣ್ಣೆಹುಳ ಕಚ್ಚಿ ಬರುವ ಜ್ವರವೂ ಇದೆ. ಅದು ಸದ್ದಿಲ್ಲದೆ ತಿಂಗಳುಗಟ್ಟಲೆ ಮೈ ಕರಗಿಸುತ್ತದೆ, ರಕ್ತಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಜೀರ್ಣರಸವನ್ನೇ ಸರಿಯಾಗಿ ಸುರಿಸುವುದಿಲ್ಲ. ಅಂಥವು ತಿಂದಷ್ಟೂ ಹಸಿದಿರುತ್ತವೆ, ರಾಶಿರಾಶಿಯಾಗಿ, ಜಿಡ್ಡಾಗಿ, ಬಿಳಿಚಾಗಿ ಮಲ ಹಾಕುತ್ತವೆ. ಅದಕ್ಕೆ ಊಟದ ಜೊತೆ ಬೆರೆಸುವ ಕಿಣ್ವದ ಪುಡಿ ಇದೆ. ಆ ಪುಡಿ ಇಲ್ಲದೆ ಕೋಳಿಯ ಕೋಳಿಯೇ ಹಾಕಿದರೂ ಅದಕ್ಕೆ ದಕ್ಕುವುದಿಲ್ಲ.

ಇವುಗಳಲ್ಲಿ ಯಾವುದು ಎಂದು ನೀವಾಗಲಿ ನಾನಾಗಲಿ ಕೂತಲ್ಲೇ ಹೇಳಲಾಗದು. ಹರಪನಹಳ್ಳಿಯ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಿಗ್ಗೆಯ ತಾಜಾ ಮಲವನ್ನು ಒಂದು ಸ್ವಚ್ಛ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ಒಯ್ಯಿರಿ. ಅಸಹ್ಯ ಅನಿಸಬಹುದು, ಆದರೆ ಅರ್ಧ ಉತ್ತರ ಆ ಡಬ್ಬಿಯಲ್ಲೇ ಇರುತ್ತದೆ. ಮೂರು ತಿಂಗಳಲ್ಲಿ ಏನೇನು ಕೊಟ್ಟಿರಿ, ಯಾವುದಕ್ಕೆ ಭೇದಿಯಾಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ಪರೀಕ್ಷೆಗೆ ಅನುಕೂಲ ಇಲ್ಲದಿದ್ದರೆ ದಾವಣಗೆರೆಗೆ, ಅದಕ್ಕೂ ಮೀರಿದ್ದಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆದುಕೊಡಿ ಎಂದು ಕೇಳಿ. ಕೇಳಲು ಸಂಕೋಚ ಬೇಡ. 1962 ಎಂಬ ಪಶು ಸಹಾಯವಾಣಿ ಇರುವುದು ಮುಖ್ಯವಾಗಿ ದನಕರುಗಳಿಗೆ, ಆದರೂ ಯಾರನ್ನು ಕಾಣಬೇಕೆಂದು ಅಲ್ಲಿ ಕೇಳಬಹುದು.

ಕುರಿ ಮನೆಯವರಿಗೆಲ್ಲ ಒಂದು ಎಚ್ಚರಿಕೆ. ಕುರಿಗೆ ಹಾಕುವ ಹುಳದ ಔಷಧಿಯನ್ನೇ ಅಂದಾಜಿನಲ್ಲಿ ನಾಯಿಗೂ ಹಾಕುವುದುಂಟು. ಮಾಡಬೇಡಿ. ದೊಡ್ಡ ಪ್ರಾಣಿಗಳ ಔಷಧಿ ಗಾಢವಾಗಿರುತ್ತದೆ. ನಾಯಿಯದನ್ನು ಅದರ ತೂಕಕ್ಕೆ ತಕ್ಕಂತೆ ವೈದ್ಯರೇ ಹೇಳಬೇಕು. ಜ್ವರ, ನೋವು ಅಂತ ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೊಡುವುದೂ ಬೇಡ, ಜೀವಕ್ಕೇ ಕುತ್ತು. ಇನ್ನು ಕುರಿ ಕೊಯ್ದಾಗ ಈಲಿ, ಪುಪ್ಪಸ, ಕರುಳನ್ನು ಹಸಿಯಾಗಿ ನಾಯಿಯ ಮುಂದೆ ಎಸೆಯುವ ಪದ್ಧತಿ ಊರೂರಲ್ಲಿ ಇದೆ. ಆ ಈಲಿಯಲ್ಲಿ ನೀರುಗುಳ್ಳೆಗಳಿದ್ದರೆ ಅದರಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಪುಟ್ಟ ಲಾಡಿಹುಳ ಬೆಳೆಯುತ್ತದೆ. ನಾಯಿಗೆ ಅದರಿಂದ ಅಷ್ಟೇನೂ ಆಗದಿದ್ದರೂ, ಅದರ ಮಲದಿಂದ ಮೊಟ್ಟೆಗಳು ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗಿ, ವರ್ಷಗಳ ಮೇಲೆ ಮನುಷ್ಯರ ಯಕೃತ್ತಿನಲ್ಲಿ, ಪುಪ್ಪಸದಲ್ಲಿ ಗುಳ್ಳೆಗಳಾಗುತ್ತವೆ. ‘ಒಂದು ನಾಯಿಗೆ ಇಷ್ಟ್ಯಾಕೆ’ ಅಂದವರಿಗೆ ಇದನ್ನು ಹೇಳಿ ನೋಡಿ. ನಾಯಿಯ ಹೊಟ್ಟೆ ಸ್ವಚ್ಛವಾಗಿಡುವುದು ಮನೆಯ ಮಕ್ಕಳಿಗಾಗಿಯೂ ಹೌದು ಅಂದರೆ ಅವರಿಗೂ ಅರ್ಥವಾಗುತ್ತದೆ. ತೋಳದ ಕಾಟ ಇರುವ ಸೀಮೆಯಲ್ಲಿ ಕುರಿಹಿಂಡಿಗೆ ಗಟ್ಟಿ ನಾಯಿ ಬೇಕು ಅನ್ನುವುದು ಹೇಗೂ ಅವರಿಗೆ ಗೊತ್ತಿದ್ದದ್ದೇ.

ಈಗ ಊಟಕ್ಕೆ ಬರೋಣ. ವೈದ್ಯರು ಬೇರೆ ಏನೂ ಹೇಳದಿದ್ದರೆ, ಮೊದಲ ನಾಲ್ಕೈದು ದಿನ ಒಂದೇ ಬಗೆಯ ಊಟ. ಮೆತ್ತಗೆ, ಬೆರಳಿಗೆ ಹಿಸುಕಿದರೆ ಕರಗುವಂತೆ ಬೇಯಿಸಿದ ಅನ್ನ ಎರಡು ಭಾಗ, ಚರ್ಮ ಎಲುಬು ತೆಗೆದು ಬರೀ ನೀರಲ್ಲಿ ಬೇಯಿಸಿದ ಕೋಳಿ ಒಂದು ಭಾಗ. ಉಪ್ಪು, ಖಾರ, ಒಗ್ಗರಣೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಅವು ನಾಯಿಯ ಕೆಂಪು ರಕ್ತಕಣವನ್ನೇ ಒಡೆಯುತ್ತವೆ. ನಾವು ಉಂಡು ಮಿಕ್ಕ ಸಾರನ್ನು ಕಲಸಿ ಹಾಕುವಾಗ ಈ ವಿಷ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತಿರುತ್ತದೆ. ಮಾಂಸ ಬೇಯಿಸದ ಮನೆಗಳಲ್ಲಿ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಅದೂ ಇಲ್ಲದಿದ್ದರೆ ಸ್ವಲ್ಪ ಪನೀರ್ ಆಗುತ್ತದೆ. ಪ್ಯಾಕೆಟ್ಟೇ ಸರಿ ಅನ್ನುವವರಿಗೆ ಹೊಟ್ಟೆ ಸೂಕ್ಷ್ಮವಿರುವ ನಾಯಿಗಳಿಗೆಂದೇ ಆಹಾರ ಸಿಗುತ್ತದೆ, ವೈದ್ಯರನ್ನು ಕೇಳಿಯೇ ತನ್ನಿ.

ಹಾಲು ಸದ್ಯಕ್ಕೆ ಬಂದ್. ಮರಿಯಲ್ಲಿದ್ದ ಹಾಲು ಅರಗಿಸುವ ಶಕ್ತಿ ಬೆಳೆದ ಎಷ್ಟೋ ನಾಯಿಗಳಲ್ಲಿ ಉಳಿದಿರುವುದಿಲ್ಲ, ಕುಡಿದ ಹಾಲು ನೀರಾಗಿ ಹೊರಬರುತ್ತದೆ. ಮೈಲಾರದ ಜಾತ್ರೆಯಲ್ಲಿ ಗೊರವಪ್ಪಗಳು ದೋಣಿಯಲ್ಲಿ ಹಾಲು, ಬಾಳೆಹಣ್ಣು ಕಲಸಿ ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತ ಉಣ್ಣುವುದನ್ನು ನೀವು ನೋಡಿರುತ್ತೀರಿ. ಅದು ಅವರಿಗೆ ಸರಿ, ಅವರು ಮನುಷ್ಯರು. ತುಪ್ಪವೂ ಸದ್ಯ ಬೇಡ. ತೂಕ ಬರಲಿ ಎಂದು ಜಿಡ್ಡು ಸುರಿಯುವುದು ಕೆರಳಿದ ಕರುಳಿಗೆ ಇನ್ನೊಂದು ಹೊರೆ. ಜೋಳದ ರೊಟ್ಟಿ ಆರೋಗ್ಯವಾಗಿದ್ದ ನಾಯಿಗೆ ನಡೆಯುತ್ತದೆ, ಆದರೆ ನಾರು ಹೆಚ್ಚಿರುವ ಅದು ಈಗ ಬೇಡ. ಭೇದಿ ಪೂರ್ತಿ ನಿಂತು ಕೆಲವು ವಾರ ಕಳೆದ ಮೇಲೆ ಒಂದು ತುಂಡಿನಿಂದ ಮತ್ತೆ ಶುರು ಮಾಡಬಹುದು.

ಎಷ್ಟು ಹಾಕಬೇಕು? 15 ಕೆ.ಜಿ. ತೂಕದ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 530 ಕ್ಯಾಲರಿ ಬೇಕು. ಕುರಿ ಹಿಂದೆ ತಿರುಗುವ, ಮೈ ತುಂಬಿಕೊಳ್ಳಬೇಕಾದ ನಾಯಿಗೆ ಅದರ ಒಂದೂವರೆ ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. 100 ಗ್ರಾಂ ಅನ್ನದಲ್ಲಿ ಸುಮಾರು 130, ಅಷ್ಟೇ ತೂಕದ ಬೇಯಿಸಿದ ಕೋಳಿಯಲ್ಲಿ ಸುಮಾರು 165, ಒಂದು ಮೊಟ್ಟೆಯಲ್ಲಿ ಸುಮಾರು 70 ಕ್ಯಾಲರಿ ಸಿಗುತ್ತದೆ. ಇಷ್ಟು ಹಿಡಿದು ಲೆಕ್ಕ ಹಾಕಿಕೊಳ್ಳಿ. ಆದರೆ ಮೊದಲ ದಿನವೇ ಪೂರ್ತಿ ಹಾಕಬೇಡಿ. ಅರ್ಧದಿಂದ ಶುರುವಾಗಲಿ, ದಿನಕ್ಕೆ ನಾಲ್ಕು ಸಲ, ಕೊಂಚ ಕೊಂಚ. ಮಲ ಗಟ್ಟಿಯಾದರೆ ಮರುದಿನ ಸ್ವಲ್ಪ ಹೆಚ್ಚಿಸಿ. ಮತ್ತೆ ತೆಳುವಾದರೆ ಹಿಂದಿನ ಪ್ರಮಾಣಕ್ಕೆ ಇಳಿಸಿ. ಊಟ ಬದಲಿಸಬೇಡಿ, ಪ್ರಮಾಣವನ್ನಷ್ಟೇ ಬದಲಿಸಿ. ನಿಮಗೆ ಇದೇ ಕಷ್ಟದ ಕೆಲಸ ಅಂತ ನನಗೆ ಗೊತ್ತು. ನಾಯಿ ಬಟ್ಟಲು ನೆಕ್ಕಿ ಮುಖ ನೋಡುತ್ತದೆ, ನಿಮ್ಮ ಕೈ ಒಲೆಯ ಕಡೆ ಹೋಗುತ್ತದೆ. ಆ ಹೊತ್ತಿಗೆ ಅದಕ್ಕೆ ಬೇರೇನಾದರೂ ಕೊಡಿ. ಮೈ ಸವರಿ, ಉಣ್ಣೆ ಆರಿಸಿ, ಮಾತಾಡಿಸಿ.

ಅನ್ನ ಕೋಳಿ ಪಥ್ಯ ಮಾತ್ರ, ಜೀವನಪೂರ್ತಿ ನಡೆಯುವ ಊಟವಲ್ಲ. ಅದರಲ್ಲಿ ಸುಣ್ಣದಂಶವೂ ಜೀವಸತ್ವಗಳೂ ಸಾಲುವುದಿಲ್ಲ. ಹೊಟ್ಟೆ ನೆಲೆ ನಿಂತ ಮೇಲೆ ಮುಂದಿನ ಊಟಕ್ಕೆ ಏಳರಿಂದ ಹತ್ತು ದಿನ ತೆಗೆದುಕೊಂಡು ದಾಟಿಸಿ. ಹಳೆಯದು ಮುಕ್ಕಾಲು ಹೊಸದು ಕಾಲು, ಆಮೇಲೆ ಅರ್ಧರ್ಧ, ಹೀಗೆ. ಮನೆ ಅಡುಗೆಯಲ್ಲೇ ಮುಂದುವರಿಸುವುದಾದರೆ ಕ್ಯಾಲ್ಸಿಯಂ ಎಷ್ಟು ಬೆರೆಸಬೇಕು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಕ್ಯಾಲ್ಸಿಯಂಗೆ ಅಂತ ಬೇಯಿಸಿದ ಕೋಳಿಯೆಲುಬು ಕೊಡಬೇಡಿ, ಅದು ಸೀಳಿ ಕರುಳಿಗೆ ಚುಚ್ಚುತ್ತದೆ.

ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿ ನಿಲ್ಲಲೇಬೇಕು. ಮನೆಯಲ್ಲಿ ಯಾರೂ, ಮಕ್ಕಳಿರಲಿ ದೊಡ್ಡವರಿರಲಿ, ಕದ್ದು ಬಿಸ್ಕತ್ತು, ಮಿರ್ಚಿ ತುಣುಕು ಎಸೆಯಕೂಡದು. ಪಥ್ಯದ ದಿನಗಳಲ್ಲಿ ಬಟ್ಟಲು ಒಬ್ಬರ ಕೈಯಲ್ಲೇ ಇರಲಿ. ಹಿಂಡಿನ ಜೊತೆ ಅಡವಿಗೆ ಹೋದರೆ ಅಲ್ಲಿ ಏನು ತಿನ್ನುತ್ತದೆ ಎಂದು ಹೇಳಲಾಗದು, ಆದ್ದರಿಂದ ಒಂದೆರಡು ವಾರ ಮನೆಯಲ್ಲೇ ಕಟ್ಟಿ.

ಭೇದಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಷ್ಟು ಕಪ್ಪಾದರೆ, ಪದೇ ಪದೇ ವಾಂತಿಯಾದರೆ, ನೀರೂ ನಿಲ್ಲದಿದ್ದರೆ, ಒಸಡು ಬೆಳ್ಳಗಾದರೆ, ಎಬ್ಬಿಸಿದರೂ ಏಳದಿದ್ದರೆ ಪಥ್ಯ ಗಿಥ್ಯ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಮರಿಗಳಾದರೆ ಅರ್ಧ ದಿನವೂ ಕಾಯಬಾರದು.

ತೂಕದ ವಿಷಯಕ್ಕೆ ಆತುರ ಬೇಡ. ಮೊದಲು ಮಲ ಗಟ್ಟಿಯಾಗುತ್ತದೆ, ಆಮೇಲೆ ಕೂದಲಿಗೆ ಹೊಳಪು ಬರುತ್ತದೆ, ಮೈ ಬರುವುದು ಕೊನೆಗೆ. ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ಅದು ಒಳ್ಳೆಯ ಏರಿಕೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನಿಮ್ಮ ಕುರಿ ತಕ್ಕಡಿಯಲ್ಲೇ ವಾರಕ್ಕೊಮ್ಮೆ, ಬೆಳಿಗ್ಗೆ ಊಟಕ್ಕೆ ಮೊದಲು ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಓಣಿಯವರು ಮತ್ತೆ ಕೇಳಿದರೆ ‘ಡಾಕ್ಟರಿಗೆ ತೋರಿಸೀವಿ, ಪಥ್ಯದಾಗ ಐತಿ’ ಅನ್ನಿ. ಅದಕ್ಕೆ ಯಾರೂ ಮರುಮಾತಾಡುವುದಿಲ್ಲ. ಬೇಕಿದ್ದರೆ ತಮ್ಮ ನಾಯಿಯ ಕಥೆ ಶುರು ಮಾಡಿಯಾರು. ಸಂಜೆ ಗುಡಿ ಕಡೆ ಹೋಗುವುದನ್ನು ಮತ್ತೆ ಆರಂಭಿಸಿ. ನಿಧಾನದ ನಡಿಗೆ ನಾಯಿಗೆ ಒಳ್ಳೆಯದು, ನಿಮಗೆ ಅದಕ್ಕಿಂತ ಒಳ್ಳೆಯದು.

ಕೊನೆಯದಾಗಿ ಮಾವನವರ ವಿಷಯ. ಕೊನೆಯ ದಿನಗಳಲ್ಲಿ ಮೈ ತಾನಾಗಿಯೇ ಊಟ ಬಿಡುತ್ತದೆ. ಅವರು ಸಾಕು ಅಂದದ್ದು ನಿಮ್ಮ ಅಡುಗೆಯನ್ನಲ್ಲ. ಈ ನಾಯಿಯ ಕಥೆ ಅದಲ್ಲ. ಇದಕ್ಕೆ ಹಸಿವಿದೆ, ವಯಸ್ಸಿದೆ, ಕಾರಣ ಪತ್ತೆಯಾದರೆ ಬಹಳಷ್ಟು ಸಲ ಔಷಧಿಯೂ ಇದೆ. ಎರಡನ್ನೂ ಒಂದೇ ಬಟ್ಟಲಲ್ಲಿ ಕಲಸಬೇಡಿ. ನಿಮ್ಮ ಯಜಮಾನರು ‘ಇಷ್ಟ್ಯಾಕೆ’ ಅನ್ನುತ್ತಾರಲ್ಲ, ತಂದೆಯನ್ನು ಕಳೆದುಕೊಂಡವರು ಅವರೂ ಹೌದು. ಆ ನಾಯಿಯ ಕಡೆ ನೋಡುವುದೇ ಅವರಿಗೆ ಕಷ್ಟವಾಗುತ್ತಿರಬಹುದು. ಒಂದು ದಿನ ನಾಯಿಯ ಮಾತು ಬಿಟ್ಟು, ‘ನಿಮಗೆ ಅಪ್ಪ ನೆನಪಾಗ್ತಾರಾ?’ ಎಂದು ಕೇಳಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬನ್ನಿ ಅಂತಲೂ ಕರೆಯಿರಿ.

ನಾಯಿ ಚೇತರಿಸಿಕೊಂಡ ಮೇಲೂ ನಿಮ್ಮ ನಿದ್ದೆ ಸರಿಹೋಗದಿದ್ದರೆ, ಅಥವಾ ‘ಕೈಯಾರೆ ಕೊಲ್ಲುತ್ತಿದ್ದೇನೆ’ ಅನ್ನುವಂಥ ಮಾತು ಬೇರೆ ವಿಷಯಗಳಿಗೂ ಹಬ್ಬುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ತಿಳಿಯಬೇಡಿ. ದುಃಖ ಇಳಿಯದವರೂ ಅಲ್ಲಿಗೆ ಕರೆ ಮಾಡುತ್ತಾರೆ.

ಸದ್ಯಕ್ಕೆ ಒಂದು ಡಬ್ಬಿ ತೊಳೆದು ಒಣಗಿಸಿಡಿ. ಆಸ್ಪತ್ರೆಯಿಂದ ಬಂದ ಮೂರು ವಾರಕ್ಕೆ ಮತ್ತೆ ಬರೆಯಿರಿ. ತಕ್ಕಡಿ ಎಷ್ಟು ತೋರಿಸಿತು ಅನ್ನುವುದರ ಜೊತೆಗೆ ನೀವು ರಾತ್ರಿ ಎಷ್ಟು ಗಂಟೆ ಮಲಗಿದಿರಿ ಅನ್ನುವುದನ್ನೂ ತಿಳಿಸಿ.